ಚಳಿಗೆ ಏರುವ ವೋಲ್ಟು

ವ್ಯಾನಿಗೆಂದು ಸೋಲಾರ್ ಅಂಗಡಿಗೆ ಹೋದರೆ ನಾನು ಮೊದಲು ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರನ್ನು ಅಂಗೈಯಲ್ಲಿಟ್ಟು ತೂಗುತ್ತೇನೆ. ಅಂಗಡಿಯವರು ನಗುತ್ತಾರೆ, ನಗಲಿ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಕೊಳ್ಳುವವರುಂಟೇ? ಮೇಲೆ ‘ಎಂಪಿಪಿಟಿ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಒಳಗೆ ಅಗ್ಗದ ಪಿಡಬ್ಲ್ಯೂಎಂ ಇಟ್ಟ ಡಬ್ಬಿಗಳು ಬೇಕಾದಷ್ಟಿವೆ. ಅಸಲಿಯ ಹೊಟ್ಟೆಯಲ್ಲಿ ತಾಮ್ರದ ಕಾಯಿಲ್ ಇರಲೇಬೇಕು, ಬೆನ್ನಿಗೆ ಹೀಟ್‌ಸಿಂಕ್. 30 ಆಂಪ್ ಅಂತ ಬರೆದುಕೊಂಡು ಸೋಪಿನ ಡಬ್ಬಿಯಷ್ಟು ಹಗುರವಾಗಿದ್ದರೆ ಕೆಳಗಿಟ್ಟು ಬನ್ನಿ.

100 ವ್ಯಾಟಿನ ಪ್ಯಾನೆಲ್ ಸುಮಾರು 18 ವೋಲ್ಟಿನಲ್ಲಿ ಐದೂವರೆ ಆಂಪ್ ಕೊಡುತ್ತದೆ. ಪಿಡಬ್ಲ್ಯೂಎಂ ಆ ವೋಲ್ಟನ್ನು ಬ್ಯಾಟರಿಯ 13ಕ್ಕೆ ಎಳೆದು ತರುತ್ತದೆ, ಆಂಪ್ ಅಷ್ಟೇ ಉಳಿಯುತ್ತದೆ. ಕೈಗೆ ಸಿಗುವುದು 71 ವ್ಯಾಟ್. ಎಂಪಿಪಿಟಿ ಮಿಕ್ಕ ವೋಲ್ಟನ್ನು ಆಂಪ್ ಮಾಡಿ ಏಳರ ಮೇಲೆ ಕೊಡುತ್ತದೆ. ಹಾಗಂತ ಎಲ್ಲರಿಗೂ ಅದೇ ಬೇಕೆಂದಿಲ್ಲ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಕಾದರೆ ಆ 18 ವೋಲ್ಟೇ 15ಕ್ಕೆ ಇಳಿದಿರುತ್ತದೆ, ಉಳಿಸಲು ಏನಿದೆ? ಒಂದು ಪ್ಯಾನೆಲ್, ಎರಡು ಲೈಟು, ಒಂದು ಫ್ಯಾನಿನ ವ್ಯಾನಿಗೆ ಪಿಡಬ್ಲ್ಯೂಎಂ ಸಾಕು. ಉಳಿದ ದುಡ್ಡಲ್ಲಿ ದಪ್ಪ ವೈರು ಹಾಕಿಸಿ.

ನಾನು ಎಡವಿದ್ದು ಬೇರೆ ಕಡೆ. ನಮ್ಮ ಟೆಂಪೊ ಟ್ರಾವೆಲರ್ ಚಾವಣಿಗೆ 330 ವ್ಯಾಟಿನ ಎರಡು ಪ್ಯಾನೆಲ್, ಸೀರೀಸಿನಲ್ಲಿ. ಒಂದೊಂದರ ಓಪನ್ ಸರ್ಕ್ಯೂಟ್ ವೋಲ್ಟೇಜ್ 46, ಎರಡಕ್ಕೆ 92. ಕಂಟ್ರೋಲರ್ ತಡೆಯುವುದು 100. “ನೂರರೊಳಗೇ ಇದೆಯಲ್ಲ ಸಾರ್” ಎಂದರು ಅಂಗಡಿಯವರು, ನಾನೂ ತಲೆಯಾಡಿಸಿದೆ. ಬೆಂಗಳೂರಲ್ಲಿ ಆರು ತಿಂಗಳು ತೊಂದರೆಯಿಲ್ಲದೆ ಓಡಿತು. ಆಮೇಲೆ ಮನಾಲಿ–ಲೇಹ್ ದಾರಿಯ ಸರ್ಚುವಿನಲ್ಲಿ ಒಂದು ರಾತ್ರಿ ತಂಗಿದೆವು. ಬೆಳಗ್ಗೆ ಮೈನಸ್ ಹತ್ತು. ಗುಡ್ಡ ದಾಟಿ ಬಿಸಿಲು ಚಾವಣಿಗೆ ಬಿದ್ದದ್ದೇ ತಡ, ಸೀಟಿನ ಕೆಳಗೆ ‘ಟಕ್’ ಎಂದಿತು. ಡಿಸ್‌ಪ್ಲೇ ಕಪ್ಪು, ಸುಟ್ಟ ವಾಸನೆ.

ಲೇಬಲ್ಲಿನ 46 ವೋಲ್ಟ್ ಸೆಲ್ 25 ಡಿಗ್ರಿ ಇದ್ದಾಗಿನ ಲೆಕ್ಕ. ಅಲ್ಲಿಂದ ಒಂದೊಂದು ಡಿಗ್ರಿ ಇಳಿದ ಹಾಗೆಲ್ಲ ವೋಲ್ಟ್ ಸುಮಾರು ಶೇ. 0.3 ಏರುತ್ತದೆ. 35 ಡಿಗ್ರಿ ಇಳಿದರೆ ಶೇ. 10ರ ಮೇಲೆ, ಅಂದರೆ 92 ಹೋಗಿ 101 ದಾಟಿತು. ಅದೂ ಕಂಟ್ರೋಲರ್ ಇನ್ನೂ ಕರೆಂಟ್ ಎಳೆಯದ ಮುಂಜಾನೆಯಲ್ಲಿ. ಆಂಪ್ ಹೆಚ್ಚಾದರೆ ಒಳ್ಳೆಯ ಕಂಟ್ರೋಲರ್ ಬೇಕಾದಷ್ಟೇ ತೆಗೆದುಕೊಂಡು ಸುಮ್ಮನಿರುತ್ತದೆ. ವೋಲ್ಟ್ ಮೀರಿದರೆ ಸಾಯುತ್ತದೆ. ಈಗಿನದು 150 ವೋಲ್ಟ್, 60 ಆಂಪ್. 660 ವ್ಯಾಟನ್ನು 13ರಿಂದ ಭಾಗಿಸಿದರೆ 51 ಬರುವುದರಿಂದ 50 ಆಂಪಿನದು ನನಗೆ ಬಿಗಿಯೆನಿಸಿತು.

ಲಿಥಿಯಂ ಬ್ಯಾಟರಿ ಇರುವವರು ಕಂಟ್ರೋಲರಿನ ಈಕ್ವಲೈಸೇಶನ್ ಆಫ್ ಮಾಡಿ. ಸೊನ್ನೆ ಡಿಗ್ರಿ ಕೆಳಗೆ ಚಾರ್ಜಿಂಗ್ ನಿಲ್ಲಿಸುವ ಸೆನ್ಸರ್ ಇದೆಯೇ ಕೇಳಿ. ಜೋಡಿಸುವ ಕ್ರಮವನ್ನು ಮಾತ್ರ ನಾನು ಮರೆಯುತ್ತೇನೆಂದು ಹೆಂಡತಿ ಕಂಟ್ರೋಲರ್ ಪಕ್ಕದಲ್ಲೇ ಟೇಪು ಅಂಟಿಸಿ ಬರೆದಿದ್ದಾಳೆ: ‘ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ.’