ಮುತ್ಯಾನ ಹೆಸರು: ನಮ್ಮ ಕಾದಂಬರಿಗಳು ಬರೆಯದೆ ಬಿಟ್ಟ ಜಗಳ

ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ಕನ್ನಡ ಕಾದಂಬರಿಗೆ ಹೊಸ ಸಂಗತಿಯಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಐತಾಳರ ಮೊಮ್ಮಗನೂ ರಾಮನೇ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದಲ್ಲಿ ಶ್ರೀನಿವಾಸ ಶ್ರೋತ್ರಿಯರ ಮೊಮ್ಮಗ ಶ್ರೀನಿವಾಸ; ಮನೆಯವರ ಬಾಯಲ್ಲಿ ಚೀನಿ. ಈ ಎರಡು ಕೃತಿಗಳನ್ನು ಕುರಿತು ಬೇಕಾದಷ್ಟು ವಿಮರ್ಶೆ ಬಂದಿದೆ. ಮಣ್ಣಿನ ಮಾತು ಬಂದಿದೆ, ಧರ್ಮದ ಮಾತು ಬಂದಿದೆ, ಪರಂಪರೆ ಮತ್ತು ಆಧುನಿಕತೆಯ ಮಾತಂತೂ ಸವೆದುಹೋಗುವಷ್ಟು ಬಂದಿದೆ. ಆದರೆ ಆ ಕೂಸಿಗೆ ಆ ಹೆಸರೇ ಆಗಬೇಕೆಂದು ನಿರ್ಧರಿಸಿದವರು ಯಾರು, ಹೆತ್ತವರಿಬ್ಬರೂ ಅದಕ್ಕೆ ಮನಸಾರೆ ಒಪ್ಪಿದ್ದರೇ ಎಂಬ ಪ್ರಶ್ನೆಗೆ ವಿಮರ್ಶೆಯಲ್ಲಿ ಹೆಚ್ಚಿನ ಜಾಗ ಸಿಕ್ಕಿಲ್ಲ. ಜಹೀರಾಬಾದ, ನಾರಾಯಣಖೇಡ, ತಾಂಡೂರುಗಳ ನಮ್ಮ ಮನೆಗಳಲ್ಲಿ ಕುಳಿತು ಈ ಕಾದಂಬರಿಗಳನ್ನು ಓದುವವರಿಗಾದರೋ ಅದು ಪಕ್ಕಕ್ಕೆ ಸರಿಸುವ ಪ್ರಶ್ನೆಯಲ್ಲ.

ನಮ್ಮ ಭಾಗದ ಪದ್ಧತಿಯನ್ನು ಒಮ್ಮೆ ನೆನೆಯಬಹುದು. ಚೊಚ್ಚಲ ಹೆರಿಗೆ ತವರಿನಲ್ಲಿ. ತೊಟ್ಟಿಲು ಕಟ್ಟುವುದು ಅಲ್ಲಿಯೇ. ಆದರೆ ಹೆಸರು ಮಾತ್ರ ಗಂಡನ ಮನೆಯಿಂದ ಬರುತ್ತದೆ. ಅದನ್ನು ಹೊತ್ತು ತರುವವಳು ಸೋದರತ್ತೆ. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳೂ ಅವಳೇ. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವ ತಮಾಷೆಯಲ್ಲಿ, ನನಗನ್ನಿಸುವಂತೆ, ತವರಿನವರ ಸಣ್ಣದೊಂದು ಪ್ರತಿಭಟನೆಯೂ ಅಡಗಿದೆ. ತೀರಿಹೋದ ಮುತ್ಯಾನ ಹೆಸರು ಬರಲಿ ಎಂದು ಗಂಡ ಹೇಳುತ್ತಾನೆ. ಬಾಣಂತಿ ಮಾತು ತೆಗೆಯುತ್ತಾಳೆ: “ನಮ್ಮಪ್ಪಗ ಗಂಡುಮಕ್ಕಳಿಲ್ಲ. ಅವರ ಹೆಸರು ಇನ್ನೆಲ್ಲಿ ಬರಬೇಕ್ರಿ?” ಇಬ್ಬರ ಪ್ರೀತಿಯೂ ನಿಜ, ಇಬ್ಬರ ದುಃಖವೂ ನಿಜ. ಒಂದು ಕೂಸಿನ ಮೇಲೆ ಇಬ್ಬರು ಹಿರಿಯರ ನೆನಪು ಬಂದು ನಿಂತಿದೆ. ಇದಕ್ಕಿಂತ ಗಟ್ಟಿಯಾದ ಕಥಾವಸ್ತು ಬೇಕೆ?

ಗಡಿಯಲ್ಲಿ ಈ ಜಗಳಕ್ಕೆ ಇನ್ನೊಂದು ತೂಕ ಸೇರುತ್ತದೆ. 1956ರ ನವೆಂಬರ್ 1ರವರೆಗೆ ಜಹೀರಾಬಾದ, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಕ್ಕೆ ಹೋದವು. ಇಂದು ತೆಲಂಗಾಣದ ಸಂಗಾರೆಡ್ಡಿ ಮತ್ತು ವಿಕಾರಾಬಾದ ಜಿಲ್ಲೆಗಳಲ್ಲಿವೆ. ಶಾಲೆಯ ಭಾಷೆ ಬದಲಾಯಿತು, ಕಚೇರಿಯ ಲಿಪಿ ಬದಲಾಯಿತು. ಹೆಸರಿನ ಜೋಡಣೆಯೂ ತಿರುಗುಮುರುಗಾಯಿತು: ನಮ್ಮಲ್ಲಿ ಕೊನೆಗೆ ಬರುವ ಅಡ್ಡಹೆಸರು ತೆಲುಗು ಪದ್ಧತಿಯಲ್ಲಿ ಇಂಟಿಪೇರಾಗಿ ಮುಂದೆ ಬಂದು ನಿಲ್ಲುತ್ತದೆ. ಝರಾಸಂಗಮದ ಕೇತಕಿ ಸಂಗಮೇಶ್ವರನಿಂದ ಬಂದ ಸಂಗಪ್ಪ, ಸಂಗಮ್ಮ, ಕಲಬುರಗಿಯ ಶರಣಬಸವೇಶ್ವರರಿಂದ ಬಂದ ಶರಣಪ್ಪ, ಶರಣಮ್ಮ ಎಂಬ ಹೆಸರುಗಳು ಮನೆಯಲ್ಲಿ ಉಳಿದ ಕನ್ನಡದ ಕೊನೆಯ ತುಣುಕುಗಳಂತೆ ತೋರತೊಡಗಿದವು. ಮೊಮ್ಮಗನಿಗೆ ಕನ್ನಡ ಓದಲು ಬಾರದಿದ್ದರೂ ಹೆಸರಾದರೂ ಕನ್ನಡವಾಗಿರಲಿ ಎಂಬುದು ಹಿರಿಯರ ಹಂಬಲ. ಹೈದರಾಬಾದಿನಲ್ಲಿ ಬೆಳೆಯುವ ಮಗು ಈ ಹಳೆಯ ಹೆಸರು ಹೊತ್ತು ತರಗತಿಯಲ್ಲಿ ನಗೆಗೀಡಾಗಬಾರದೆಂಬುದು ತಾಯಿಯ ಆತಂಕ. ಅವಳನ್ನು ಸಂಸ್ಕೃತಿದ್ರೋಹಿಯೆಂದು ತಳ್ಳಿಹಾಕುವುದು ಸುಲಭ. ನಾಳೆ ಶಾಲೆಯಿಂದ ಅಳುತ್ತ ಬಂದ ಕೂಸನ್ನು ಸಂತೈಸಬೇಕಾದವಳು ಅವಳೇ ಎಂಬುದನ್ನು ಮರೆತರೆ ಮಾತ್ರ.

ಈ ಹಿನ್ನೆಲೆಯಲ್ಲಿ ‘ವಂಶವೃಕ್ಷ’ವನ್ನು ಮತ್ತೆ ಓದಬೇಕು. 1965ರ ಈ ಕಾದಂಬರಿಯಲ್ಲಿ ನಂಜುಂಡ, ಶ್ರೀನಿವಾಸ, ಮತ್ತೆ ನಂಜುಂಡ, ಮತ್ತೆ ಶ್ರೀನಿವಾಸ ಎಂದು ಹೆಸರುಗಳು ತಲೆಮಾರು ಬಿಟ್ಟು ತಲೆಮಾರಿಗೆ ಮರಳುತ್ತವೆ. ಮಗ ನಂಜುಂಡ ತೀರಿಹೋಗುತ್ತಾನೆ. ಸೊಸೆ ಕಾತ್ಯಾಯನಿ ಮರುಮದುವೆಯಾಗುತ್ತಾಳೆ. ಕೂಸು ಶ್ರೋತ್ರಿಯರ ಮನೆಯಲ್ಲೇ ಉಳಿಯುತ್ತದೆ. ಅವಳು ಹೆತ್ತ ಮಗನಾದರೂ ಅವನ ಹೆಸರಿನಲ್ಲಿ ಅವಳ ತವರಿನ ಒಂದು ಅಕ್ಷರವೂ ಇಲ್ಲ. ಅದು ಆ ಮನೆಯ ಹೆಸರು. ಹಾಗಾಗಿ ಕೂಸು ಯಾರದೆಂಬ ವಾದ ಏಳುವುದಕ್ಕೆ ಬಹಳ ಮೊದಲೇ ತೊಟ್ಟಿಲಿನಲ್ಲಿಯೇ ತೀರ್ಮಾನ ಆಗಿಬಿಟ್ಟಂತಿದೆ. ಭೈರಪ್ಪನವರು ಇದನ್ನು ಎಲ್ಲಿಯೂ ಎತ್ತಿ ಆಡುವುದಿಲ್ಲ. ಕಾತ್ಯಾಯನಿಯ ಪ್ರೇಮಕ್ಕೆ, ಪಾಪಪ್ರಜ್ಞೆಗೆ ಪುಟಗಟ್ಟಲೆ ಕೊಟ್ಟ ಲೇಖಕರು ಹೆಸರಿನ ಬಗ್ಗೆ ಅವಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕಾದಂಬರಿಯ ಪ್ರಶ್ನೆಯಾಗಿಸಲಿಲ್ಲ.

ಆದರೆ ದೊಡ್ಡ ಕೃತಿಯ ಗುಣವೇ ಹಾಗೆ: ಲೇಖಕ ಕೇಳದ ಪ್ರಶ್ನೆಗೂ ಅದು ಉತ್ತರ ಇಟ್ಟುಕೊಂಡಿರುತ್ತದೆ. ವೃದ್ಧಾಪ್ಯದಲ್ಲಿ ಶ್ರೋತ್ರಿಯರಿಗೆ ಹಳೆಯ ಕಾಗದಪತ್ರಗಳಿಂದ ತಿಳಿಯುವುದೇನು? ತಾವು ಯಾವ ವಂಶದ ಕುಡಿಯೆಂದು ಬಾಳಿದರೋ ಆ ವಂಶದ ರಕ್ತ ತಮ್ಮದಲ್ಲ ಎಂಬುದು. ವೃಕ್ಷದ ಬೇರೇ ಬೇರೆಯದು. ಆದರೂ ಹೆಸರು ಅಲುಗುವುದಿಲ್ಲ. ಮೊಮ್ಮಗ ಚೀನಿ, ಚೀನಿಯೇ. ರಕ್ತ ಸುಳ್ಳಾದ ಮೇಲೂ ಹೆಸರು ನಿಜವಾಗಿ ಉಳಿಯುತ್ತದೆಂದರೆ, ಅದು ರಕ್ತದ ಸೊತ್ತಲ್ಲ, ಸಾಕಿ ಸಲಹಿದ ಕೈಗಳ, ಕರೆದ ಬಾಯಿಗಳ ಕೊಡುಗೆ ಎಂದಾಯಿತು. ಹಾಗಾದರೆ ಗಂಡನ ಮನೆಗೆ ಮಾತ್ರ ಹೆಸರಿನ ಹಕ್ಕಿದೆಯೆಂಬ ವಾದ ‘ವಂಶವೃಕ್ಷ’ದ ನೆಲದಲ್ಲಿಯೇ ನಿಲ್ಲದು. ಹೆತ್ತು ಹಾಲೂಡಿಸಿದವಳ ಬಾಯಿಗೂ ಅಷ್ಟೇ ಹಕ್ಕಿದೆ.

ಚೀನಿ ಎಂಬ ಕಿರುಹೆಸರನ್ನೂ ಗಮನಿಸಬೇಕು. ಹಳೆಯ ಮನೆಗಳಲ್ಲಿ ಹೆಂಡತಿ ಗಂಡನ ಹೆಸರೆತ್ತುತ್ತಿರಲಿಲ್ಲ, ಸೊಸೆ ಮಾವನ ಹೆಸರೆತ್ತುತ್ತಿರಲಿಲ್ಲ. ಅದೇ ಹೆಸರು ಕೂಸಿಗೆ ಬಂದರೆ ಅವರು ಕರೆಯುವುದು ಹೇಗೆ? ಅದಕ್ಕೇ ಕರೆಯುವ ಹೆಸರೊಂದು ಬೇರೆ ಹುಟ್ಟುತ್ತದೆ. ನಮ್ಮಲ್ಲಿ ಅಪ್ಪು, ಮುತ್ತು, ಅಜ್ಜಪ್ಪ ಎಂದೆಲ್ಲ ಕರೆಯುವುದು ಬರಿಯ ಮುದ್ದಿಗಲ್ಲ. ಹಿರಿಯರ ಗೌರವ ಉಳಿಸಿಕೊಂಡು ಕೂಸನ್ನು ಗದರಿಸಲು ಹೆಂಗಸರು ಕಂಡುಕೊಂಡ ಉಪಾಯವದು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರಲ್ಲ, ನಮ್ಮ ಎಷ್ಟೋ ಮಕ್ಕಳ ಹೆಸರೂ ಹಾಗೆಯೇ: ಹಾಜರಿಪುಸ್ತಕದಲ್ಲಿ ಒಂದು, ಒಲೆಯ ಮುಂದೆ ಇನ್ನೊಂದು.

‘ಮರಳಿ ಮಣ್ಣಿಗೆ’ಯ ರಾಮನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಇಬ್ಬರು ರಾಮರ ನಡುವೆ ಹಾಳಾದ ಲಚ್ಚ ಇದ್ದಾನೆ. ಹೆಸರು ಅವನನ್ನು ದಾಟಿ ಮುಂದೆ ಹೋಗುತ್ತದೆ. ಕಾರಂತರ ಜಾಣ್ಮೆಯೆಂದರೆ ಮೊಮ್ಮಗ ಅಜ್ಜನ ಪಡಿಯಚ್ಚಲ್ಲ. ಪೌರೋಹಿತ್ಯದ ಅಜ್ಜ ಎಲ್ಲಿ, ಮದರಾಸಿನಲ್ಲಿ ಓದಿ ಚಳವಳಿಗೆ ಧುಮುಕಿ ಸೆರೆಮನೆ ಕಂಡ ಮೊಮ್ಮಗ ಎಲ್ಲಿ! ಹೆಸರು ಸಾಲವಾಗಿ ಬಂದರೂ ಬಾಳು ಸ್ವಂತದ್ದು.

ಹೆತ್ತವರ ತಳಮಳವನ್ನು ನೇರವಾಗಿ ಕೈಗೆತ್ತಿಕೊಂಡ ಕೃತಿ ಬೇಕೆಂದರೆ ನಾವು ಕನ್ನಡದ ಹೊರಗೆ ಹೋಗಬೇಕು. ಜುಂಪಾ ಲಾಹಿರಿಯವರ ‘ದ ನೇಮ್‌ಸೇಕ್’ (2003) ಕಾದಂಬರಿಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಂಗಾಳಿ ಕೂಸಿಗೆ ಹೆಸರು ಆರಿಸಬೇಕಾದವಳು ಊರಿನಲ್ಲಿರುವ ಮುತ್ತಜ್ಜಿ. ಅವಳ ಕಾಗದ ತಲುಪುವುದೇ ಇಲ್ಲ. ಹೆಸರಿಲ್ಲದೆ ಕೂಸನ್ನು ಮನೆಗೆ ಕಳಿಸಲು ಆಸ್ಪತ್ರೆ ಒಪ್ಪದು. ರೈಲು ಅಪಘಾತದಲ್ಲಿ ತನ್ನ ಜೀವ ಉಳಿಸಿತೆಂದು ನಂಬಿದ ಪುಸ್ತಕದ ಲೇಖಕನ ಹೆಸರನ್ನು, ಗೊಗೊಲ್ ಎಂದು, ತಂದೆ ಇಟ್ಟುಬಿಡುತ್ತಾನೆ. ಮಗ ದೊಡ್ಡವನಾಗಿ ಅದನ್ನು ಕಳಚಿ ನಿಖಿಲ್ ಆಗುತ್ತಾನೆ. ನಮ್ಮ ದೇಶದ ಕಾನೂನಿಗೆ ಇದಕ್ಕಿಂತ ತಾಳ್ಮೆ ಹೆಚ್ಚು: 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಹೆಸರಿಲ್ಲದೆಯೂ ಜನನ ನೋಂದಾಯಿಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು. ಸರಕಾರ ಕಾಯುತ್ತದೆ, ಕಾಯದವರು ಬೀಗರು! ಲಾಹಿರಿಯವರ ಕೃತಿಯನ್ನು ಮೆಚ್ಚುತ್ತಲೇ ಒಂದು ಮಾತು ಹೇಳಬೇಕು. ಅಲ್ಲಿ ಹಿರಿಯರ ಹೆಸರು ಸಾಗರದಾಚೆ ಕಳೆದುಹೋಗುತ್ತದೆ. ನಮ್ಮಲ್ಲಿ ಯಾರೂ ಎಲ್ಲಿಗೂ ಹೋಗಲಿಲ್ಲ. ಮನೆ ಇದ್ದಲ್ಲೇ ಇದ್ದು ಗಡಿ ಸರಿಯಿತು. ಈ ಅನುಭವಕ್ಕೆ ಅವರ ಕಾದಂಬರಿ ಕನ್ನಡಿಯಾಗದು. ಅದನ್ನು ಬರೆಯಬೇಕಾದವರು ನಾರಾಯಣಖೇಡದಲ್ಲೋ ತಾಂಡೂರಿನಲ್ಲೋ ಇದ್ದಾರೆ.

ಬರೆಯುವವರು ಇನ್ನೊಂದು ಕೊರತೆಯನ್ನೂ ತುಂಬಬೇಕು. ಬಾದಾಮಿಯ ಒಂದನೆಯ ಪುಲಕೇಶಿಯ ಮೊಮ್ಮಗ ಇಮ್ಮಡಿ ಪುಲಕೇಶಿ. ತಾಂಡೂರಿನ ಕಾಗಿಣಾ ನದಿಯೇ ಮುಂದೆ ಹರಿದು ಸೇರುವ ಮಳಖೇಡದ ರಾಷ್ಟ್ರಕೂಟರಲ್ಲಿ ಕೃಷ್ಣ, ಗೋವಿಂದ, ಇಂದ್ರ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಎಲ್ಲವೂ ಗಂಡುಹೆಸರುಗಳೇ. ಮೇಲೆ ಹೇಳಿದ ಕಾದಂಬರಿಗಳಲ್ಲಿಯೂ ಹಾಗೆಯೇ; ಅಜ್ಜಿಯ ಹೆಸರು ಹೊತ್ತ ಮೊಮ್ಮಗಳನ್ನು ಅಲ್ಲಿ ಹುಡುಕಿದರೂ ಸಿಗಳು. ಇದಕ್ಕೆ ವಿರುದ್ಧವಾಗಿ ನಿಲ್ಲುವವನು, ಸಾವಿರ ವರ್ಷದ ಹಿಂದಿನ ರನ್ನ. ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿ ತನಗೆ ಆಸರೆಯಾದ ಚಾವುಂಡರಾಯನ ನೆನಪಿಗೆ ಮಗನನ್ನು ರಾಯನೆಂದೂ, ‘ಅಜಿತಪುರಾಣ’ ಬರೆಯಿಸಿದ ದಾನಚಿಂತಾಮಣಿಯ ನೆನಪಿಗೆ ಮಗಳನ್ನು ಅತ್ತಿಮಬ್ಬೆಯೆಂದೂ ಕರೆದ. ರಕ್ತಸಂಬಂಧವಿಲ್ಲದ ಹಿರಿಯಳೊಬ್ಬಳ ಹೆಸರು ಹೀಗೆ ಒಂದು ಹೆಣ್ಣುಕೂಸಿಗೆ ಬಂತು. ರನ್ನನಿಗೆ ಜಕ್ಕಿ, ಶಾಂತಿ ಎಂಬ ಇಬ್ಬರು ಹೆಂಡಂದಿರಿದ್ದರು. ಆ ಹೆಸರು ಇಟ್ಟ ದಿನ ಅವರಲ್ಲಿ ಯಾರು ಏನೆಂದರು ಎಂಬ ಕಥೆಯೂ ಇನ್ನೂ ಬರೆಯದೆ ಉಳಿದಿದೆ.