ಕುರುಡು ಸರ್ಕಾರ ಅನ್ನುವ ಮುನ್ನ

ಆತಗೂರು ಹೋಬಳಿಯ ಯಾವ ಊರಿನ ಅರಳಿಕಟ್ಟೆಯಲ್ಲಾದರೂ ಅರ್ಧ ಗಂಟೆ ಕೂತು ಕೇಳಿ. ‘ಏನ್ಲಾ ಕುಂಟ’, ‘ಆ ಕೆಪ್ಪನ್ನ ಕರೀಲಾ’, ‘ಕುಡ್ಡ ಬಂದ, ದಾರಿ ಬುಡ್ರೊ’. ಅಪ್ಪ ಅವ್ವ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿರುತ್ತದೆ, ಊರ ಬಾಯಲ್ಲಿ ಐಬೇ ಹೆಸರು. ಕೇಳಿದರೆ ‘ತಮಾಸೆಗೆ ಅಂದೊ ಬುಡು’ ಅಂತಾರೆ. ಜಾತಿ ಹೆಸರು ಹಿಡಿದು ಕೂಗಿದವರೂ ಇದನ್ನೇ ಹೇಳುತ್ತಿದ್ದರಲ್ಲವೆ, ಗೆಳೆಯರೆ?

ಈ ಎರಡು ಬೈಗುಳಗಳ ನಂಟನ್ನು ಕಾನೂನೇ ಬರೆದಿಟ್ಟಿದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ, ಹೀನಾಯ ಮಾಡಬೇಕೆಂದೇ ಅವಮಾನಿಸುವುದು ಅಪರಾಧ ಎಂದು 1989ರ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಹೇಳಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಮು ಹೆಚ್ಚುಕಡಿಮೆ ಅದೇ ಮಾತುಗಳನ್ನು ಎತ್ತಿಕೊಂಡಿದೆ. ಶಿಕ್ಷೆಯೂ ಅಷ್ಟೆ: ಆರು ತಿಂಗಳಿಂದ ಐದು ವರ್ಷ, ಜೊತೆಗೆ ದಂಡ. ದಲಿತರು ನೆತ್ತರು ಹರಿಸಿ ಪಡೆದ ವಾಕ್ಯ ಇನ್ನೊಬ್ಬರ ಕೈಗೂ ಊರುಗೋಲಾಯಿತು. ಈ ಸಂಗತಿ ನಮ್ಮ ಎಷ್ಟು ಸಭೆಗಳಲ್ಲಿ ಮಾತಾಗಿದೆ?

ನಮ್ಮ ವೇದಿಕೆಗಳಲ್ಲಿ ಕೇಳುವುದೇನು? ‘ಕುರುಡು ಸರ್ಕಾರ’, ‘ಕಿವುಡು ಅಧಿಕಾರಿ’, ‘ಹೆಳವ ವ್ಯವಸ್ಥೆ’. ಬಂಡಾಯದ ಕವಿತೆಗಳಲ್ಲೂ ಈ ರೂಪಕಗಳು ಸಲೀಸಾಗಿ ಓಡಾಡುತ್ತವೆ. ನನ್ನ ತಕರಾರು ಇರೋದು ಇಲ್ಲೇ. ಕೇರಿಗೆ ನೀರಿಲ್ಲದ್ದು ಸರ್ಕಾರಕ್ಕೆ ಚೆನ್ನಾಗಿ ಕಾಣುತ್ತದೆ. ಕಂಡೂ ಮುಖ ತಿರುಗಿಸುತ್ತದೆ. ಅದನ್ನು ಕುರುಡು ಅಂದೊಡನೆ ಅದರ ತಪ್ಪಿಗೆ ಮಾಫಿ ಸಿಕ್ಕಿತು, ಕಣ್ಣಿಲ್ಲದವನ ತಲೆಗೆ ಅವಮಾನ ಬಿತ್ತು. ರೂಪಕವೇ ಸುಳ್ಳು. ಗದುಗಿನ ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಎಷ್ಟೋ ಬಡ ಮಕ್ಕಳಿಗೆ, ಕಣ್ಣಿಲ್ಲದ ಮಕ್ಕಳಿಗೆ ಅನ್ನ ಕೊಟ್ಟರು, ಸಂಗೀತ ಕೊಟ್ಟರು. ಕುರುಡು ಅಂದರೆ ಅರಿವುಗೇಡಿತನ ಅನ್ನುವವರು ಅವರನ್ನು ಎಲ್ಲಿಡುತ್ತಾರೆ?

‘ಆಂಖ್ ಮಿಚೋಲಿ’ ಎಂಬ ಹಿಂದಿ ಸಿನಿಮಾದ ವಿರುದ್ಧ ನಿಪುಣ್ ಮಲ್ಹೋತ್ರಾ ತಂದ ಮೊಕದ್ದಮೆಯಲ್ಲಿ, 2024ರ ಜುಲೈ 8ರಂದು, ಸುಪ್ರೀಂ ಕೋರ್ಟು ಒಂದು ಗೆರೆ ಎಳೆಯಿತು: ಅಂಗವಿಕಲರ ಬದುಕನ್ನು ತಿಳಿಸಿಕೊಡುವ ನಗೆ ಬೇರೆ, ಅವರನ್ನು ಕುಗ್ಗಿಸುವ ನಗೆ ಬೇರೆ. ಗೆರೆ ಸರಿಯಾಗಿದೆ. ಆದರೆ ಕೋರ್ಟು ಅರಳಿಕಟ್ಟೆಗೆ ಬರುವುದಿಲ್ಲ. ಅಲ್ಲಿ ಎದ್ದುನಿಂತು ‘ಅವನಿಗೂ ಒಂದು ಹೆಸರದೆ ಕಣಣ್ಣ’ ಅನ್ನಬೇಕಾದವರು ನಾವು. ಶಾಲೆಯಲ್ಲಿ ಮೇಷ್ಟ್ರು.

ಹಾಗಂತ ಸಿಹಿ ಸವರಿದ ಹೆಸರೂ ಬೇಡ. ನಮ್ಮನ್ನು ‘ಹರಿಜನ’ ಅಂದರು. ದೇವರ ಮಕ್ಕಳಾದೆವು, ಎಷ್ಟೋ ಗುಡಿಗಳ ಹೊಸಿಲು ದಾಟಲಾಗಲಿಲ್ಲ. 2015ರಲ್ಲಿ ಪ್ರಧಾನಿ ನರೇಂದ್ರ ಮೋದಿ ಅಂಗವಿಕಲರನ್ನು ‘ದಿವ್ಯಾಂಗ’ ಅನ್ನಿ ಅಂದರು. ಅಂಗ ದಿವ್ಯವಾಯಿತು, ಎಷ್ಟೋ ಕಚೇರಿಗಳ ಮೆಟ್ಟಿಲು ಮೆಟ್ಟಿಲಾಗೇ ಉಳಿಯಿತು. ಅಂಗವಿಕಲರ ಹಲವು ಸಂಘಟನೆಗಳೇ ಆ ಹೆಸರು ಬೇಡ ಅಂದವು. ‘ದಲಿತ’ ಎಂಬ ಹೆಸರನ್ನು ನಾವು ಆರಿಸಿಕೊಂಡೆವು. ಅವರ ಹೆಸರನ್ನು ಅವರೇ ಹೇಳಲಿ.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ ಅಂದರು. ಆ ಮಾತಿನ ಕಿಚ್ಚಿನಲ್ಲಿ ಬೆಳೆದ ಸಾಹಿತ್ಯ ನಮ್ಮದು. ಮೊರ ಈಗಲೂ ಕೈಲಿದೆ. ನಮ್ಮ ಕಾಳನ್ನೂ ಒಮ್ಮೆ ಕೇರೋಣ.