ದೀಕ್ಷಾಸ್ನಾನದ ನಂತರದ ಎಂಟು ವರ್ಷ

ಪಂಡಿತಾ ರಮಾಬಾಯಿಯವರ ಹೆಸರು ಕೇಳದ ಕನ್ನಡಿಗರು ಪುಣೆಯಲ್ಲಿ ವಿರಳ. ಅವರು ಹುಟ್ಟಿದ್ದು 1858ರಲ್ಲಿ, ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಹತ್ತಿರದ ಮಾಳ. ಇಷ್ಟನ್ನು ಹೇಳಿಕೊಂಡು ನಾವು ಹೆಮ್ಮೆಪಡುತ್ತೇವೆ. ಅವರು ಕ್ರೈಸ್ತರಾದ ವಿಷಯ ಬಂದಾಗ ಮಾತ್ರ ಒಂದು ವಾಕ್ಯದಲ್ಲಿ ದಾಟಿಬಿಡುತ್ತೇವೆ. ಅವರೇ 1907ರಲ್ಲಿ ಇಂಗ್ಲಿಷಿನಲ್ಲಿ ಬರೆದು ಕೇಡಗಾವದ ಮುಕ್ತಿ ಮಿಷನ್ನಿನಿಂದ ಪ್ರಕಟಿಸಿದ, 'ಟೆಸ್ಟಿಮನಿ' ಎಂದು ಪ್ರಸಿದ್ಧವಾದ ಪುಟ್ಟ ಆತ್ಮಕಥನವನ್ನು ಓದಿದವರಿಗೆ ಹೀಗೆ ದಾಟಿಹೋಗುವುದು ಸಾಧ್ಯವಿಲ್ಲ.

ಪುಸ್ತಕದ ಮೊದಲ ಭಾಗವೇ ಅತ್ಯುತ್ತಮ. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಉಡುಪಿಯಲ್ಲಿ ಪಂಡಿತರ ಮುಂದೆ ಉತ್ತರ ಹೇಳಬೇಕಾಗಿ ಬಂದ ಶಾಸ್ತ್ರಿಗಳು, ಆಸ್ತಿ ಕರಗಿದ ಮೇಲೆ ಸಂಸಾರ ಕಟ್ಟಿಕೊಂಡು ಪುರಾಣ ಓದುತ್ತಾ ತೀರ್ಥದಿಂದ ತೀರ್ಥಕ್ಕೆ ಅಲೆದದ್ದು, 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡದ್ದು — ಇವನ್ನೆಲ್ಲ ಅವರು ಕಣ್ಣೀರು ಬೆರೆಸದೆ ಬರೆಯುತ್ತಾರೆ. ಭಿಕ್ಷೆ ಬೇಡಲು ಅಭಿಮಾನ ಬಿಡಲಿಲ್ಲ, ಕೂಲಿ ಮಾಡಲು ಕೈ ಬರಲಿಲ್ಲ. ತಲೆಯಲ್ಲಿ ಸಾವಿರಾರು ಶ್ಲೋಕಗಳಿದ್ದವು, ಹೊಟ್ಟೆಗೆ ಹಿಟ್ಟಿರಲಿಲ್ಲ. ಅವರ ಬರಗಾಲದ ನೆನಪುಗಳ ಸಾರ ಇದು.

ಅದೇ ಶ್ಲೋಕಗಳು 1878ರಲ್ಲಿ ಕಲಕತ್ತೆಯ ವಿದ್ವಾಂಸರಿಂದ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ತಂದುಕೊಟ್ಟವು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ: ಮದುವೆ, ವೈಧವ್ಯ, 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ, 1883ರಲ್ಲಿ ಇಂಗ್ಲೆಂಡು. ಅಲ್ಲಿ ಫುಲ್ಹ್ಯಾಮಿನಲ್ಲಿ, ಸಮಾಜ ಹೊರಹಾಕಿದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಅಕ್ಕರೆಯಿಂದ ನೋಡಿಕೊಳ್ಳುವುದನ್ನು ಕಂಡು ಅವರು ಬೆರಗಾದರು. ಸಮಾರ್ಯದ ಹೆಂಗಸಿನೊಡನೆ ಯೇಸು ಬಾವಿಯ ಬಳಿ ಮಾತಾಡಿದ ಕಥೆಯನ್ನು ಓದಿದರು. ಅದೇ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು.

ಸಾಮಾನ್ಯವಾಗಿ ಚರಿತ್ರೆಕಾರರು ಮತಾಂತರದ ಅಧ್ಯಾಯವನ್ನು ಇಲ್ಲಿಗೆ ಮುಗಿಸುತ್ತಾರೆ. ರಮಾಬಾಯಿಯವರು ಮುಗಿಸುವುದಿಲ್ಲ. ಸುಮಾರು ಎಂಟು ವರ್ಷ ಕಳೆದ ಮೇಲೆ, ತಾವು ಒಪ್ಪಿಕೊಂಡದ್ದು ಒಂದು ಮತವನ್ನು ಮಾತ್ರ, ಕ್ರಿಸ್ತ ಇನ್ನೂ ತಮ್ಮವನಾಗಿಲ್ಲ ಎಂದು ಅವರಿಗೆ ಹೊಳೆಯಿತಂತೆ. ಅಷ್ಟು ಹೊತ್ತಿಗೆ ಅವರ ಬಳಿ ಏನೆಲ್ಲ ಇತ್ತೆಂದು ನೋಡಬೇಕು. ಅಮೆರಿಕದಲ್ಲಿ ಹೆಸರಾಗಿತ್ತು. 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂದಿತ್ತು. ರಾನಡೆ, ಭಾಂಡಾರಕರರಂಥವರು ಸಲಹಾ ಮಂಡಳಿಯಲ್ಲಿದ್ದರು. ವಿದ್ಯೆ, ಸೇವೆ, ದೀಕ್ಷೆ ಮೂರೂ ಇದ್ದು, ಇವು ಯಾವುವೂ ತಮ್ಮನ್ನು ಉಳಿಸಲಾರವು, ಕೃಪೆ ಬೇಕಾದವರಲ್ಲಿ ತಾವೂ ಒಬ್ಬರು ಎಂದು ಅವರು ಬರೆಯುತ್ತಾರೆ. ಫುಲ್ಹ್ಯಾಮಿನಲ್ಲಿ ಅವರು ನೋಡಿದ್ದು ಆ ಹೆಂಗಸರಿಗೆ ದೊರೆತ ಕೃಪೆಯನ್ನು. ತಾವು ಆಗ ದಡದಲ್ಲಿದ್ದರು. ಈಗ ತಾವೂ ಅದೇ ಸಾಲಿನಲ್ಲಿ ನಿಂತರು. ನಮ್ಮ ಮಟ್ಟಿಗೆ ಇದೇ ಪುಸ್ತಕದ ತಿರುಳು.

ಕನ್ನಡಿಗರಿಗೆ ಈ ಭಾವ ಹೊಸದಲ್ಲ. ತನಗಿಂತ ಕಿರಿಯರಿಲ್ಲವೆಂದ ಶರಣರನ್ನೂ, ಪಾಪಿ ನಾನೆಂದು ಮೊರೆಯಿಟ್ಟ ದಾಸರನ್ನೂ ಭಜನೆಯಲ್ಲಿ ಹಾಡುತ್ತಲೇ ಬೆಳೆದಿದ್ದೇವೆ. ಹಾಡಿ ಹಾಡಿ ಅದು ನಮಗೆ ಬರೀ ರಾಗವಾಗಿದೆಯೇನೋ! ರಮಾಬಾಯಿಯವರ ಒಣ ಇಂಗ್ಲಿಷಿನಲ್ಲಿ ರಾಗವಿಲ್ಲದ್ದರಿಂದ ಮಾತು ನೇರವಾಗಿ ನಾಟುತ್ತದೆ.

ಆದರೂ ಒಂದು ಆಕ್ಷೇಪಣೆ ಹೇಳಲೇಬೇಕು. ಇಷ್ಟು ಮುಖ್ಯವಾದ ಘಟ್ಟಕ್ಕೆ ಬಂದಾಗ ಲೇಖಕಿಯ ಸ್ವಂತ ನುಡಿ ಸೊರಗುತ್ತದೆ. ವಿಲಿಯಂ ಹ್ಯಾಸ್ಲಂ ಎಂಬ ಪಾದ್ರಿ, ಪಾದ್ರಿಯಾದ ಮೇಲೆ ತನಗಾದ ಪರಿವರ್ತನೆಯನ್ನು ಕುರಿತು ಬರೆದ ಪುಸ್ತಕ ಅವರ ಮೇಲೆ ಪ್ರಭಾವ ಬೀರಿತ್ತು. ಆ ಕಾಲದ ಮಿಷನರಿ ಸಾಹಿತ್ಯದ ಸಿದ್ಧ ಪದಗಳೇ ಇಲ್ಲಿ ಸಾಲುಗಟ್ಟುತ್ತವೆ. ಪಾಪ ಎನ್ನುತ್ತಾರೆ, ಯಾವುದೆಂದು ಬಿಡಿಸುವುದಿಲ್ಲ. ಬರಗಾಲದಲ್ಲೂ ಬಗ್ಗದ ಪಾಂಡಿತ್ಯದ ಆ ಅಭಿಮಾನದಲ್ಲಿ ಉತ್ತರವಿದೆಯೆಂದು ನಮಗೆ ತೋರುತ್ತದೆ. ತಂದೆಯ ತೀರ್ಥಯಾತ್ರೆಗಳನ್ನು ಅವರು ತೂಗುವ ರೀತಿಯೂ ಕಟುವಾಯಿತು. ಮಗಳಿಗೆ ದೇವರ ಹಸಿವನ್ನು ಹಚ್ಚಿದವರು ಆ ತಂದೆಯೇ ಅಲ್ಲವೇ?

1893ರಲ್ಲಿ ಸದನದಲ್ಲಿ ಮತಪ್ರಚಾರ ನಡೆದಿದೆಯೆಂದು ಗದ್ದಲವೆದ್ದು ರಾನಡೆ, ಭಾಂಡಾರಕರರು ಮಂಡಳಿ ಬಿಟ್ಟರು. 'ಕೇಸರಿ'ಯ ಟೀಕೆ ಉಗ್ರವಾಗಿತ್ತು. ಮತದ ವಿಷಯದಲ್ಲಿ ತಟಸ್ಥವೆಂದು ನಂಬಿ ಹೆಣ್ಣುಮಕ್ಕಳನ್ನು ಕಳಿಸಿದವರ ಆತಂಕವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಆದರೆ ಕೃಪೆ ಸಿಕ್ಕಿತೆಂದು ನಂಬಿದವರು ಬಾಗಿಲು ಹಾಕಿಕೊಂಡು ಪ್ರಾರ್ಥಿಸಬೇಕಿತ್ತೆಂದು ಹೇಳುವುದೂ ಸುಲಭವಲ್ಲ.

1896ರ ಬರದಲ್ಲಿ ಅವರು ಮಧ್ಯಪ್ರಾಂತಕ್ಕೆ ಹೋಗಿ ಹಸಿದ ಹುಡುಗಿಯರನ್ನು ಕರೆತಂದರು. ಸೋಲಾಪುರದ ರೈಲಿನಲ್ಲಿ ಊರಿಗೆ ಹೋಗುವ ನಮ್ಮವರು ದೌಂಡಿಗೆ ಮೊದಲು ಕೇಡಗಾವ್ ಸ್ಟೇಷನ್ನನ್ನು ಕಂಡಿರಬಹುದು. ಮುಕ್ತಿ ಬೆಳೆದದ್ದು ಅಲ್ಲೇ. ಅಲ್ಲಿದ್ದುಕೊಂಡೇ ಹೀಬ್ರೂ, ಗ್ರೀಕ್ ಕಲಿತು, ಓದುಬರಹ ಅಷ್ಟಕ್ಕಷ್ಟೇ ಇದ್ದ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಬೈಬಲನ್ನು ಅನುವಾದಿಸಿದರು. 1922ರಲ್ಲಿ ಅವರು ತೀರಿಕೊಂಡ ಎರಡು ವರ್ಷದ ಮೇಲೆ ಅದು ಹೊರಬಂತು.

'ಟೆಸ್ಟಿಮನಿ'ಯನ್ನು ಓದಬಯಸುವವರಿಗೆ ಮೀರಾ ಕೋಸಂಬಿಯವರು 2000ದಲ್ಲಿ ಸಂಪಾದಿಸಿದ ರಮಾಬಾಯಿಯವರ ಬರಹಗಳ ಸಂಕಲನ ಅನುಕೂಲ. ಬರಗಾಲದ ಪುಟಗಳನ್ನು ಮೊದಲು ಓದಿ.